ಸೆಟ್ಟಿನಿಂದ ತೆಗೆದ ಎರಡನೇ ಪೇಪರ್

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ. ಆದರೂ ಐಎಎಸ್ ಪರೀಕ್ಷೆಗೆ ಎಂತ ಓದಬೇಕು ಅಂತ ಜನ ನನ್ನ ಹತ್ರ ಕೇಳ್ತಿದ್ರು. ನಾನು ಹೇಳ್ತಿದ್ದೆ. ಗೊತ್ತಿಲ್ಲ ಅಂತ ಒಂದು ಸರ್ತಿಯೂ ಹೇಳ್ಲಿಲ್ಲ.

ಸುಳ್ಯ ಬಸ್‌ಸ್ಟ್ಯಾಂಡ್ ಹತ್ರ ನಮ್ಮದು ಜೆರಾಕ್ಸ್ ಅಂಗಡಿ. ಉಮ್ಮನ ತಮ್ಮ, ಅಂದ್ರೆ ನನ್ನ ಸೋದರಮಾವನದ್ದು. ಅವರು ದುಬೈಯಲ್ಲಿ, ಅಂಗಡಿ ನೋಡುದು ನಾನು. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ಬಂದವರ ಭಾಷೆ. ಯಾರಾದರೂ ಒಳ್ಳೆ ನೋಟ್ಸ್ ತಂದರೆ ಅವರಿಗೆ ಒಂದು ಕಾಪಿ, ನಮಗೆ ಒಂದು ಕಾಪಿ. ಆಮೇಲೆ ಕೇಳಿದವರಿಗೆಲ್ಲ ನಮ್ಮ ಕಾಪಿಯಿಂದ ತೆಗೆದು ಕೊಡುದು. ಜೆರಾಕ್ಸ್ ಅಂಗಡಿಯವರು ಸುಮಾರು ಜನ ಹೀಗೆ ಮಾಡ್ತಾರೆ, ಬಾಯಿ ಬಿಟ್ಟು ಹೇಳುದಿಲ್ಲ ಅಷ್ಟೆ.

ಬೆಂಗಳೂರಲ್ಲಿ ಕೋಚಿಂಗ್ ಮಾಡಿ ಬಂದವನೊಬ್ಬ ಒಂದು ಗೋಣಿಯಷ್ಟು ಕಾಗದ ತಂದಿದ್ದ. ಚರಿತ್ರೆ, ಸಂವಿಧಾನ, ಭೂಗೋಳ, ಅರ್ಥಶಾಸ್ತ್ರ, ಪರಿಸರ, ಹಳೇ ಪ್ರಶ್ನೆಪತ್ರಿಕೆ. ನಾನೊಂದು ಕಾಪಿ ಇಟ್ಟುಕೊಂಡೆ. ಸ್ಪೈರಲ್ ಹಾಕಿದ್ರೆ ಮೂರು ದಪ್ಪ ಪುಸ್ತಕ ಆಗ್ತದೆ. ಮೂರನ್ನು ನೋಡಿದ ಕೂಡಲೇ ಜನ ಹಿಂದೆ ಸರೀತಿದ್ರು. "ಇಷ್ಟು ಓದ್ಲಿಕ್ಕುಂಟಾ" ಅಂತ ಕೇಳಿ ಹೋದವರು ಮತ್ತೆ ಬರ್ತಿರ್ಲಿಲ್ಲ. ಎರಡಕ್ಕೆ ಇಳಿಸಬೇಕು ಅಂತ ಕಂಡಿತು.

ಎಂತ ತೆಗೆಯುದು? ನೋಟ್ಸ್ ತಂದವನನ್ನೇ ಕೇಳಿದೆ. ಅವ ಫೋನ್ ನೋಡ್ತಾ ಹೇಳಿದ, "ಮೊದಲನೇ ಪರೀಕ್ಷೆಯಲ್ಲಿ ಎರಡು ಪೇಪರ್ ಉಂಟು. ಎರಡನೇದು ಬರೀ ಪಾಸಾದ್ರೆ ಸಾಕು. ಮಾರ್ಕು ಲೆಕ್ಕಕ್ಕಿಲ್ಲ."

ನನಗೆ ಅಷ್ಟು ಸಾಕಾಯ್ತು. ಎರಡನೇ ಪೇಪರಿನ ಕಟ್ಟು ಪೂರಾ ತೆಗೆದೆ. ಲೆಕ್ಕ, ತರ್ಕ, ಇಂಗ್ಲಿಷ್ ಪ್ಯಾರಾ ಓದಿ ಉತ್ತರ ಹೇಳುದು, ಎಲ್ಲ ಅದರಲ್ಲೇ ಇತ್ತು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಅಡಿಗೆ ದೂಡಿದೆ. ಉಳಿದದ್ದು ಚಂದಕ್ಕೆ ಎರಡು ಪುಸ್ತಕದ ಒಂದು ಸೆಟ್ ಆಯ್ತು. ಜನ ತಗೊಂಡ್ರು. ಕೆಲವರು ನನ್ನನ್ನು ಮೇಷ್ಟ್ರೇ ಅಂತ ಕರೆದ್ರು. ತಮಾಷೆಗೆ ಕರೆದದ್ದು ಅಂತ ಗೊತ್ತುಂಟು, ಆದರೂ ಖುಷಿ ಆಗ್ತಿತ್ತು.

ಆಗಲೇ ಒಬ್ಬರು ಅಕ್ಕ ಬಂದದ್ದು. ಮರ್ಕಂಜದ ಕಡೆಯವರು. ಅಲ್ಲಿ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆದು ಬರೆಯುವ ಕೆಲಸ. ಬೆಳಿಗ್ಗೆ ಹಾಲು, ಸಂಜೆ ಹಾಲು, ನಡುವೆ ಸಿಗುವ ಹೊತ್ತಿನಲ್ಲಿ ಓದು. ಡಿಗ್ರಿ ಮದುವೆ ಆದ ಮೇಲೆ ಮನೆಯಲ್ಲೇ ಕೂತು ಕಟ್ಟಿದ್ದು. ಐಎಎಸ್ ಪರೀಕ್ಷೆಗೆ ವಯಸ್ಸಿನ ಮಿತಿ ಉಂಟು. ಅವರಿಗೆ ಉಳಿದದ್ದು ಮುಂದಿನ ವರ್ಷದ ಒಂದು ಪರೀಕ್ಷೆ ಮಾತ್ರ. ಅದು ತಪ್ಪಿದ್ರೆ ಮತ್ತೆ ಬರೀಲಿಕ್ಕಿಲ್ಲ.

"ಗಂಡ ಎಂತ ಹೇಳ್ತಾರೆ?" ಅಂತ ಕೇಳಿದೆ.

"ಒಂದು ಸರ್ತಿ ಬರಿ, ಇಲ್ಲದಿದ್ರೆ ಸಾಯುವವರೆಗೆ ನನ್ನ ತಲೆ ತಿಂತಿ ಅಂತ ಹೇಳಿದ್ದಾರೆ" ಅಂದ್ರು.

ಸೆಟ್ಟನ್ನು ಅಲ್ಲೇ ನಿಂತು ಪುಟ ಪುಟ ತಿರುಗಿಸಿ ನೋಡಿದ್ರು. ಹೆಚ್ಚಿನವರು ದಪ್ಪ ನೋಡಿ ತಗೊಂಡು ಹೋಗುದು. ಇವರು ಸಿಲೆಬಸ್ ಇದ್ದ ಪುಟಕ್ಕೆ ಬೆರಳಿಟ್ಟು ಕೇಳಿದ್ರು, "ಇದರಲ್ಲಿ ಎರಡು ಪೇಪರ್ ಅಂತ ಉಂಟಲ್ಲ ಮಾರಾಯ. ಎರಡನೇದು ಎಲ್ಲಿ?"

"ಅದು ಲೆಕ್ಕಕ್ಕಿಲ್ಲ ಅಕ್ಕ. ಪಾಸಾದ್ರೆ ಸಾಕು. ಹತ್ತನೇ ಕ್ಲಾಸಿನ ಲೆಕ್ಕ. ನೀವು ದಿನಾ ಹಾಲಿನ ಫ್ಯಾಟ್ ಲೆಕ್ಕ ಮಾಡುದಿಲ್ವಾ?"

"ಫ್ಯಾಟ್ ಮೆಷಿನ್ ಹೇಳ್ತದೆ. ನಾನು ಬರೆಯುದು ಮಾತ್ರ."

"ಅದೇ ಸಾಕು. ಎಷ್ಟು ಜನ ಇದನ್ನೇ ಓದಿ ಹೋಗಿದ್ದಾರೆ."

ಹೋಗಿದ್ದಾರೆ ಅಂದದ್ದು ಸುಳ್ಳಲ್ಲ. ಪಾಸಾಗಿದ್ದಾರಾ ಅಂತ ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ.

ಒಂದು ವರ್ಷ ಅವರು ಓದಿದ್ದನ್ನು ನಾನು ನೋಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಅಂಗಡಿಗೆ ಬರ್ತಿದ್ರು, ನ್ಯೂಸ್ ಪೇಪರಿನ ತುಂಡು, ಮ್ಯಾಪು ಜೆರಾಕ್ಸ್ ಮಾಡಿಸ್ಲಿಕ್ಕೆ. ಸೊಸೈಟಿಯ ಸುದ್ದಿ ಹೇಳಿ ನಗ್ತಿದ್ರು. ಅಲ್ಲಿ ಹಾಲು ತರುವವರೆಲ್ಲ ಅವರಿಗೆ ಕಲೆಕ್ಟರ್ ಅಂತ ಹೆಸರಿಟ್ಟಿದ್ರಂತೆ. ಒಬ್ಬ ಅಜ್ಜ ದಿನಾ ಹೇಳುದಂತೆ, "ಕಲೆಕ್ಟ್ರೇ, ನನ್ನ ಹಾಲಿಗೆ ನೀರು ಹಾಕಿದ್ದು ದನ, ನಾನಲ್ಲ. ಸ್ವಲ್ಪ ನೋಡಿ ಬರೀರಿ." ಅವರ ಸೆಟ್ಟಿನ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ಸ್ಪೈರಲ್ ಎರಡು ಸರ್ತಿ ಕಿತ್ತು ಬಂತು, ಎರಡು ಸರ್ತಿಯೂ ನಾನೇ ಹಾಕಿಕೊಟ್ಟೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಕೆದಂಬಾಡಿಯ ಒಬ್ಬ ಹುಡುಗ ಬಂದ. ಸುಳ್ಯದಲ್ಲೇ ಕಾಲೇಜು ಮಾಡಿದವ, ಹಿಂದಿನ ವರ್ಷ ನನ್ನ ಸೆಟ್ ಓದಿ ಪರೀಕ್ಷೆ ಬರೆದವ. ಬೇರೆ ಯಾವುದೋ ಕೆಲಸಕ್ಕೆ ಅರ್ಜಿ ಹಾಕ್ಲಿಕ್ಕೆ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡಿಸ್ಲಿಕ್ಕೆ ಬಂದದ್ದು. ಐಎಎಸ್ ಎಂತ ಆಯ್ತು ಅಂತ ಕೇಳಿದೆ.

"ಎಂತ ಆಗುದು ಮಾರಾಯ, ಈಗ ಮಾರ್ಕು ಹಾಕಿದ್ರು. ಮೊದಲನೇ ಪೇಪರಲ್ಲಿ ನಾನು ಪಾಸು. ಎರಡನೇದರಲ್ಲಿ ಬಿದ್ದೆ. ಎರಡನೇದರಲ್ಲಿ ಬಿದ್ರೆ ಮೊದಲನೇದಕ್ಕೆ ಬೆಲೆಯೇ ಇಲ್ಲ. ನಿನ್ನ ಸೆಟ್ಟಲ್ಲಿ ಅದು ಯಾಕಿಲ್ಲ?"

"ಪಾಸಾದ್ರೆ ಸಾಕಲ್ವಾ ಅದು?"

"ಪಾಸಾಗ್ಬೇಕಲ್ಲ ಮಾರಾಯ. ಪ್ರಶ್ನೆಪತ್ರಿಕೆ ಇರುದು ಇಂಗ್ಲಿಷ್ ಮತ್ತೆ ಹಿಂದಿಯಲ್ಲಿ. ಕನ್ನಡದಲ್ಲಿ ಓದಿದವನಿಗೆ ಆ ಪ್ಯಾರಾ ಓದಿ ಮುಗಿಸುವಾಗಲೇ ಬೆಲ್ ಹೊಡೀತದೆ."

ಅವ ಬೈಲಿಲ್ಲ. ಜೆರಾಕ್ಸ್ ತಗೊಂಡು ಹೋದ. ನನಗೆ ಕೂಡಲೇ ನೆನಪಾದದ್ದು ಅಕ್ಕ. ಅವರೂ ಕನ್ನಡದಲ್ಲೇ ಓದಿದವರು.

ಫೋನ್ ನಂಬರ್ ಇತ್ತು. ಆಗಲೇ ಫೋನ್ ಮಾಡಬಹುದಿತ್ತು. ಮಾಡ್ಲಿಲ್ಲ. ನಾಳೆ ನಾಡಿದ್ದರಲ್ಲಿ ಬರ್ತಾರೆ, ಎದುರಲ್ಲೇ ಹೇಳುವ ಅಂತ ಅಂದುಕೊಂಡೆ. ಮೇಜಿನ ಅಡಿಯಿಂದ ಆ ಕಟ್ಟು ತೆಗೆದು ಹೊಸ ಕಾಪಿ ಮಾಡಿ ಸ್ಪೈರಲ್ ಹಾಕಿ ಒಂದು ಚೀಲದಲ್ಲಿ ಇಟ್ಟೆ.

ನಾಲ್ಕು ದಿನ ಬಿಟ್ಟು ಅವರು ಬಂದ್ರು. ಪರೀಕ್ಷೆಗೆ ಒಯ್ಯುವ ಹಾಲ್ ಟಿಕೆಟ್ ತೆಗೀಲಿಕ್ಕೆ. ಸೆಂಟರ್ ಮೈಸೂರು ಬಂದಿತ್ತು. ನಾನು ಚೀಲ ಕೈಯಲ್ಲಿ ಹಿಡಿದೆ. ಹೇಳ್ಲಿಕ್ಕೆ ಬಾಯಿ ತೆಗೀಬೇಕು, ಅಷ್ಟರಲ್ಲಿ ಅವರೇ ಹೇಳಿದ್ರು.

"ನೀನು ಅವತ್ತು ಹೇಳಿದ್ದು ಒಳ್ಳೇದಾಯ್ತು ಮಾರಾಯ. ಆ ಎರಡನೇದು ಹಿಡ್ಕೊಂಡಿದ್ರೆ ಇದು ಮುಗೀತಿರ್ಲಿಲ್ಲ. ಈಗ ಎಲ್ಲ ಎರಡು ಸರ್ತಿ ಓದಿ ಆಯ್ತು."

ನಾನು ಚೀಲವನ್ನು ಮೆಲ್ಲ ಬೆನ್ನ ಹಿಂದೆ ಸರಿಸಿದೆ.

"ಆ ಚೀಲದಲ್ಲಿ ಎಂತ?"

"ಬೇರೆಯವರದ್ದು" ಅಂದೆ.

ಇದನ್ನು ನಾನು ಸಾವಿರ ಸರ್ತಿ ಯೋಚನೆ ಮಾಡಿದ್ದೇನೆ. ಹೆದರಿಕೆಯಾ? ಅಲ್ಲ, ಆ ಅಕ್ಕ ಬೈಯುವವರಲ್ಲ. ಅವರಿಗೆ ನನ್ನ ಮೇಲೆ ಒಂದು ಮರ್ಯಾದೆ ಇತ್ತು. ಓದಿದವರು ಯಾರೂ ನನ್ನನ್ನು ಹಾಗೆ ನೋಡಿದ್ದಿಲ್ಲ. ಅದು ಹೋಗ್ತದೆ ಅಂತ ನನಗೆ ಕಂಡಿತು. ಅಷ್ಟೇ ವಿಷಯ. ಅದಕ್ಕೆ ಅವರ ಒಂದು ತಿಂಗಳು ನಾನು ತಿಂದೆ. ಅವರಿಗೆ ಸುಲಭ ಆಗ್ತದೆ, ಜಾಣೆ ಅವರು, ಪಾಸಾಗ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ದಿನಾ ಹೇಳಿಕೊಂಡೆ. ಶುಕ್ರವಾರದ ನಮಾಜಿಗೆ ಪಳ್ಳಿಯಲ್ಲಿ ನಿಂತು ಅವರು ಪಾಸಾಗಲಿ ಅಂತ ಬೇಡಿದೆ. ಬೇಡುವಾಗಲೂ ಗೊತ್ತಿತ್ತು, ಅದಕ್ಕಿಂತ ಒಂದು ಫೋನ್ ಸುಲಭ ಅಂತ.

ಗಂಡನ ಒಟ್ಟಿಗೆ ಮಡಿಕೇರಿ ಮೇಲೆ ಮೈಸೂರಿಗೆ ಹೋಗಿ ಬರೆದು ಬಂದ್ರು. ಎರಡು ದಿನ ಬಿಟ್ಟು ಮಧ್ಯಾಹ್ನ ಅಂಗಡಿಗೆ ಬಂದ್ರು. ಯಾವುದೋ ಕೋಚಿಂಗಿನವರು ಸರಿ ಉತ್ತರ ಫೋನಿಗೆ ಕಳಿಸಿದ್ರಂತೆ, ಅದರ ಪ್ರಿಂಟ್ ಬೇಕಿತ್ತು. ಪ್ರಿಂಟ್ ಕೊಟ್ಟೆ. ಅಲ್ಲೇ ಬೆಂಚಿನಲ್ಲಿ ಕೂತು ಒಂದೊಂದೇ ಟಿಕ್ ಮಾಡ್ಲಿಕ್ಕೆ ಶುರು ಮಾಡಿದ್ರು.

ಮೊದಲನೇ ಪೇಪರ್ ಮುಗಿಸಿ ತಲೆ ಎತ್ತಿದ್ರು. ಹಿಂದಿನ ವರ್ಷ ಪಾಸಿಗೆ ಎಳೆದ ಗೆರೆಗಿಂತ ಇವರ ಮಾರ್ಕು ತುಂಬಾ ಮೇಲೆ. ಮುಖ ಕೆಂಪಾಗಿತ್ತು. "ಸಂವಿಧಾನ ಒಂದೂ ತಪ್ಪಲಿಲ್ಲ" ಅಂದ್ರು.

ಎರಡನೇದು ಹಿಡಿದ್ರು. ಗಿರಾಕಿ ಇದ್ರು, ಮೆಷಿನ್ ಓಡ್ತಿತ್ತು, ನನ್ನ ಕಣ್ಣು ಅವರ ಪೆನ್ನಿನ ಮೇಲೆ. ಒಂದು ಸರ್ತಿ ಕೂಡಿಸಿದ್ರು. ತಪ್ಪು ಉತ್ತರಕ್ಕೆ ಮಾರ್ಕು ಕಳೆಯುದು ಬೇರೆ ಉಂಟು, ಅದನ್ನು ಕಳೆದ್ರು. ಮತ್ತೆ ಕೂಡಿಸಿದ್ರು. ಮೂರನೇ ಸರ್ತಿ ನನ್ನ ಕ್ಯಾಲ್ಕುಲೇಟರ್ ಕೇಳಿದ್ರು.

"ಬರೀ ಮೂರು ಪ್ರಶ್ನೆಗೆ ಪಾಸು ತಪ್ಪಿ ಹೋಯ್ತು" ಅಂದ್ರು.

ಆಮೇಲೆ ಅವರು ಮಾಡಿದ್ದನ್ನು ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ತಪ್ಪಾದ ಒಂದು ಲೆಕ್ಕವನ್ನು ಪ್ರಿಂಟಿನ ಹಿಂದೆ ಬರೆದು ಮಾಡ್ಲಿಕ್ಕೆ ಕೂತ್ರು. ನೀರಿನ ಟ್ಯಾಂಕಿನ ಲೆಕ್ಕ. ಎರಡು ಸರ್ತಿ ಹೊಡೆದು ಹಾಕಿದ್ರು. ಮೂರನೇ ಸರ್ತಿ ಸರಿ ಬಂತು. ಇನ್ನೊಂದು ಮಾಡಿದ್ರು. ಅದೂ ಬಂತು.

"ಬರ್ತದಲ್ಲ. ಅಲ್ಲಿ ಯಾಕೆ ಬರ್ಲಿಲ್ಲ? ಮಾಡಿ ಅಭ್ಯಾಸ ಇಲ್ಲ, ಅದಕ್ಕೆ. ಇಂಗ್ಲಿಷ್ ಪ್ಯಾರಾದಲ್ಲೇ ಅರ್ಧ ಗಂಟೆ ಜಾಸ್ತಿ ಹೋಯ್ತು."

ಅಂಗಡಿಯಲ್ಲಿದ್ದ ಗಿರಾಕಿ ಎಲ್ಲ ಹೋಗಿದ್ರು ಆಗ. ಹೇಳಿದೆ. ಕೆದಂಬಾಡಿಯವ ಬಂದದ್ದು, ಅವ ಹೇಳಿದ್ದು, ಚೀಲದಲ್ಲಿ ಇದ್ದದ್ದು ಎಂತ ಅಂತ, ಎಲ್ಲ. ನನ್ನ ಧ್ವನಿ ನನಗೇ ಹೇಸಿಗೆ ಆಗ್ತಿತ್ತು.

ಅವರು ಪೆನ್ನಿಗೆ ಮುಚ್ಚಳ ಹಾಕಿದ್ರು.

"ಒಂದು ತಿಂಗಳು ಮೊದಲು ಗೊತ್ತಿತ್ತು ನಿನಗೆ?"

"ಹೌದು."

"ಹೇಳಿದ್ರೆ ನಾನು ಬೈತಿದ್ದೆ ಅಂತ ಅಂದುಕೊಂಡ್ಯಾ?"

"ಅಲ್ಲ ಅಕ್ಕ. ನನ್ನ ಮರ್ಯಾದೆ ಹೋಗ್ತದೆ ಅಂತ."

"ಯಾರ ಹತ್ರ? ನನ್ನ ಹತ್ರವಾ?"

ಹೂಂ ಅಂದೆ.

ಅವರು ಕಾಗದ ಎಲ್ಲ ಮಡಚಿ ಬ್ಯಾಗಿಗೆ ಹಾಕಿದ್ರು. ಪ್ರಿಂಟಿನ ದುಡ್ಡು ಮೇಜಿನ ಮೇಲೆ ಇಟ್ರು. ಬೇಡ ಅಕ್ಕ ಅಂದೆ. ಕೇಳ್ಲಿಲ್ಲ. "ಸಂಜೆ ಹಾಲಿಗೆ ಹೊತ್ತಾಯ್ತು" ಅಂತ ಹೇಳಿ ಬಸ್ಸಿಗೆ ಹೋದ್ರು.

ಮತ್ತೆ ಅವರು ನಮ್ಮ ಅಂಗಡಿಗೆ ಬರ್ಲಿಲ್ಲ. ಎರಡು ತಿಂಗಳು ಬಿಟ್ಟು ಅವರ ಗಂಡ ಬಂದ್ರು, ಪಹಣಿ ಜೆರಾಕ್ಸ್ ಮಾಡಿಸ್ಲಿಕ್ಕೆ. ನನಗೆ ಗುರ್ತ ಇರ್ಲಿಲ್ಲ. ಅವರೇ ಹೇಳಿಕೊಂಡ್ರು. ಕೆನ್ನೆಗೆ ಹೊಡೀತಾರೆ, ಹೊಡೀಲಿ ಅಂತ ನಿಂತೆ.

"ನಮ್ಮವಳಿಗೆ ಪುಸ್ತಕ ಎಲ್ಲ ಮಾಡಿಕೊಟ್ಟದ್ದು ನೀನೇ ಅಲ್ವಾ? ತುಂಬಾ ಉಪಕಾರ ಆಯ್ತು ಮಾರಾಯ. ಅವಳ ನಸೀಬು ಇರ್ಲಿಲ್ಲ, ನೀನು ಎಂತ ಮಾಡ್ಲಿಕ್ಕಾಗ್ತದೆ."

ಅಕ್ಕ ಮನೆಯಲ್ಲಿ ಹೇಳಿರ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ನಾನು ಹೇಳಬಹುದಿತ್ತು. ಪಹಣಿ ಎಷ್ಟು ಕಾಪಿ ಬೇಕು ಅಂತ ಕೇಳಿದೆ.