ಕೇಳಿದವನೇ ಬಿಚ್ಚಬೇಕು

ಇವತ್ತು ಬೆಳಿಗ್ಗೆ ಒಬ್ಬರು ಗಿರಾಕಿ ಕಾರು ತಂದು ನಿಲ್ಲಿಸಿ ಕೀ ನನ್ನ ಕೈಗಿಟ್ಟರು. ಕೀಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದರಲ್ಲಿ ನೇತಾಡುತ್ತಿದ್ದ ಕೀಚೈನು. ಪಿಸ್ಟನ್ನಿನ ಆಕಾರ, ಹಿಡಿದರೆ ಒಳ್ಳೆಯ ತೂಕ, ಹಿಂಬದಿಯಲ್ಲಿ ಸುಧಾಕರನ ಅಂಗಡಿಯ ಹೆಸರು. ನೀವು ನಂಬಿ, ಅಷ್ಟು ಸಣ್ಣ ವಸ್ತುವಿಗೆ ಮನುಷ್ಯನ ಬೆಳಗಿನ ಚಹಾವನ್ನು ಕಹಿ ಮಾಡುವ ಶಕ್ತಿ ಉಂಟು. ಪುಂಜಾಲಕಟ್ಟೆಯ ನನ್ನ ಗ್ಯಾರೇಜಿನಿಂದ ನಾನು ಇಷ್ಟು ವರ್ಷ ಹಂಚಿದ್ದು ಕ್ಯಾಲೆಂಡರ್ ಮಾತ್ರ. ವರ್ಷ ಮುಗಿದ ಮೇಲೆ ಜನ ಅದನ್ನು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುತ್ತಾರೆ.

ಸುಧಾಕರ ಯಾರೆಂದು ಹೇಳಬೇಕಲ್ಲ. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಬಂಟ್ವಾಳದಲ್ಲಿ ವಾಸು ಮೇಸ್ತ್ರಿಯವರ ಗ್ಯಾರೇಜು ಸೇರಿದವನು. ನಾನು ಸೇರಿ ಎರಡು ವರ್ಷ ಕಳೆದ ಮೇಲೆ ಅವನು ಬಂದ. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ನಾನು. ಈ ವಿಷಯವನ್ನು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತೇನೆ, ಈಗ ನಿಮಗೆ ಹೇಳಿದ ಹಾಗೆ.

ಮೇಸ್ತ್ರಿಯವರದ್ದು ಒಂದು ಕ್ರಮ ಇತ್ತು. ಯಾವ ಗಾಡಿಯನ್ನೂ ಬಿಚ್ಚುವ ಮೊದಲು ಅದರ ಶಬ್ದ ಕೇಳಬೇಕು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲಬೇಕು. ಆದರೆ ತಾನು ಕಟ್ಟಿದ ಎಂಜಿನನ್ನು, ತಾನು ದಿನಾ ಓಡಿಸುವ ಗಾಡಿಯನ್ನು ಮಾತ್ರ ಇನ್ನೊಬ್ಬನ ಕಿವಿಗೆ ಬಿಡಬೇಕು. "ನಿನ್ನ ಗೊರಕೆ ನಿನಗೆ ಕೇಳ್ತದಾ ಮಾರಾಯ? ಪಕ್ಕದಲ್ಲಿ ಮಲಗಿದವನನ್ನು ಕೇಳು!" ಎನ್ನುತ್ತಿದ್ದರು. ಇನ್ನೊಂದು ಶರತ್ತು, ದೋಷ ಉಂಟೆಂದು ಕೇಳಿ ಹೇಳಿದವನೇ ಅದನ್ನು ಬಿಚ್ಚಬೇಕು. ದೋಷ ಹೇಳಿ ಹೊರಟುಹೋಗುವ ಹಾಗಿಲ್ಲ. ಆದ್ದರಿಂದ ಬಾಯಿಗೆ ಬಂದದ್ದು ಹೇಳುವವರು ಆ ಗ್ಯಾರೇಜಿನಲ್ಲಿ ಉಳಿಯಲಿಲ್ಲ. "ಇವನ ಕಿವಿ ನೋಡಿ ಕಲಿ" ಎಂದು ಮೇಸ್ತ್ರಿ ಒಮ್ಮೆ ನನ್ನನ್ನು ತೋರಿಸಿ ಸುಧಾಕರನಿಗೆ ಹೇಳಿದ್ದರು. ಕೆಲವರ ಮನೆಯ ಗೋಡೆಯಲ್ಲಿ ಸರ್ಟಿಫಿಕೇಟು ಇರುತ್ತದೆ. ನನ್ನಲ್ಲಿದ್ದದ್ದು ಆ ಒಂದು ಮಾತು.

ಆಮೇಲೆ ನಾನು ನನ್ನ ಗ್ಯಾರೇಜು ಹಾಕಿದೆ. ಅವನು ಎಲ್ಲೆಲ್ಲೋ ಹೋಗಿ ಏನೇನೋ ಕಲಿತು ಬಂದು ಮೂಡುಬಿದಿರೆಯಲ್ಲಿ ಪರ್ಫಾರ್ಮೆನ್ಸ್ ಅಂಗಡಿ ತೆರೆದ. ರಿಪೇರಿಯೂ ಉಂಟು, ಅದರ ಮೇಲೆ ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ ಎಂಜಿನಿನ ಎಳೆತ ಹೆಚ್ಚಿಸುವುದು, ಸೈಲೆನ್ಸರ್ ಬದಲಿಸುವುದು. ಹಾಳಾಗದ ಗಾಡಿಯನ್ನೂ ಜನ ತಾವಾಗಿಯೇ ತಂದು ಬಿಚ್ಚಿಸಿಕೊಳ್ಳುವ ವ್ಯಾಪಾರ ನನಗೆ ಯಾಕೆ ಹೊಳೆಯಲಿಲ್ಲವೋ!

ಉದ್ಘಾಟನೆಗೆ ಹೋದೆ. ಮೇಸ್ತ್ರಿಯವರೇ ದೀಪ ಹಚ್ಚಿದರು. ನನ್ನ ಗ್ಯಾರೇಜಿನ ಪೂಜೆಗೆ ಅವರು ಎಣ್ಣೆಯ ಲುಂಗಿಯಲ್ಲೇ ಬಂದು, ಶರಬತ್ತು ಕುಡಿದು, ಹೋಗುವಾಗ ಒಂದು ಪಿಕಪ್ಪಿನ ಬೆಲ್ಟು ಬಿಗಿ ಮಾಡಿ ಹೋಗಿದ್ದರು. ಇಲ್ಲಿಗೆ ಇಸ್ತ್ರಿಯ ಬಿಳಿ ಪಂಚೆ! ಪಕ್ಕದಲ್ಲಿದ್ದ ಒಬ್ಬರು, "ನೆಲ ನೋಡಿದಿರಾ? ಎಲೆ ಹಾಕಿ ಊಟ ಬಡಿಸ್ಲಿಕ್ಕೆ ಆಗ್ತದೆ" ಎಂದರು. "ಊಟ ಬಡಿಸ್ತಾ ಕೂತ್ರೆ ಕೆಲಸ ಯಾವಾಗ ಮಾಡುವುದು?" ಎಂದೆ. ಯಾರೂ ನಗಲಿಲ್ಲ. ಅಷ್ಟರಲ್ಲಿ ಸುಧಾಕರ ಒಂದು ಗುಂಡಿ ಒತ್ತಿದ, ಲಿಫ್ಟಿನ ಮೇಲಿದ್ದ ಕಾರು ತಾನಾಗಿ ತಲೆಯ ಮೇಲಕ್ಕೆ ಎದ್ದು ನಿಂತಿತು. ಇಷ್ಟು ವರ್ಷ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಕಳೆದವನು ನಾನು. ನನಗಿಂತ ಮೊದಲು ನನ್ನ ಬೆನ್ನಿಗೆ ಹೊಟ್ಟೆಕಿಚ್ಚಾಯಿತು.

ಒಂದೇ ಸಮಾಧಾನ ಇತ್ತು. ಲಿಫ್ಟ್ ಅಂಗಡಿಯಲ್ಲಿ ಸಿಗುತ್ತದೆ, ಕಿವಿ ಸಿಗುವುದಿಲ್ಲ. ಕಂಪ್ಯೂಟರ್ ನೋಡಿ ನೋಡಿ ಇವನ ಕಿವಿಗೆ ತುಕ್ಕು ಹಿಡಿದಿರುತ್ತದೆ ಎಂದುಕೊಂಡು ಎರಡು ಜಿಲೇಬಿ ಹೆಚ್ಚು ತಿಂದೆ.

ಅಂಗಳದಲ್ಲಿ ಜಾಗ ಇಲ್ಲದೆ ಸುಧಾಕರ ನನ್ನ ಹಳೆಯ ಕಾರನ್ನು ಆಚೆಯ ಮೈದಾನದಲ್ಲಿ ಇಡಲು ತಾನೇ ಓಡಿಸಿಕೊಂಡು ಹೋದ. ವಾಪಸು ಬಂದವನು ಕೀ ಕೊಡುತ್ತಾ ಸಣ್ಣ ಸ್ವರದಲ್ಲಿ, "ಅಣ್ಣ, ಎದುರಿನ ಎಡಗಡೆಯ ಚಕ್ರದ ಬೇರಿಂಗ್ ಹೋಗಿದೆ ಕಾಣ್ತದೆ. ಬಲಕ್ಕೆ ತಿರುಗಿಸುವಾಗ ಗುಂಯ್ ಅಂತದೆ. ನಾಡಿದ್ದು ತನ್ನಿ, ನಾನೇ ಬಿಚ್ಚುತ್ತೇನೆ" ಎಂದ.

"ಅದು ಟಯರಿನ ಶಬ್ದ ಮಾರಾಯ" ಎಂದೆ.

ಮೇಸ್ತ್ರಿ ಅಲ್ಲೇ ಇದ್ದರು. ನನ್ನ ಮುಖ ನೋಡಿ, ಪಂಚೆ ಸರಿಮಾಡಿಕೊಂಡು ಆಚೆ ಹೋದರು. ಬೈದಿದ್ದರೆ ಸುಖವಿತ್ತು.

ಮನೆಗೆ ವಾಪಸು ಬರುತ್ತಾ ಸಿದ್ಧಕಟ್ಟೆ ದಾಟುವಾಗ ಒಂದು ಬಲದ ತಿರುವು. ಗುಂಯ್. ರೇಡಿಯೊ ಹಾಕಿದೆ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ನಮ್ಮ ಕಾರಿನಲ್ಲಿ ರೇಡಿಯೊ ನಿಲ್ಲಲೇ ಇಲ್ಲ. ಕೃಷಿರಂಗವನ್ನೂ ಅಷ್ಟೇ ಜೋರಾಗಿ ಕೇಳಿದೆ. ಕೊನೆಗೆ ಮಡಂತ್ಯಾರಿನ ಸಂತೆಗೆ ಹೋಗುವ ದಾರಿಯಲ್ಲಿ ಹೆಂಡತಿ ಕೈ ಚಾಚಿ ಅದನ್ನು ನಿಲ್ಲಿಸಿದಳು.

"ಎಂತ ಇದು, ಅಕ್ಕಿ ಮಿಲ್ಲಿನಲ್ಲಿ ಕೂತ ಹಾಗೆ?"

"ಟಯರ್."

"ಮೊನ್ನೆ ಹೊಸತು ಹಾಕಿದ್ದಲ್ವಾ?"

ಬೇರಿಂಗನ್ನು ನೀವೇ ಬದಲಿಸಬಹುದಿತ್ತಲ್ಲ ಎನ್ನುತ್ತೀರಿ. ಬದಲಿಸಬಹುದಿತ್ತು. ಬೇರಿಂಗ್ ತಂದು ಕಪಾಟಿನಲ್ಲಿ ಇಟ್ಟೂ ಇದ್ದೆ. ಜ್ಯಾಕ್ ಕೊಟ್ಟು ಚಕ್ರ ಬಿಚ್ಚಿದಾಗಲೆಲ್ಲ ಮೇಸ್ತ್ರಿಯವರ ಶರತ್ತು ಕೈ ಹಿಡಿಯುತ್ತಿತ್ತು. ಕೇಳಿದವನು ಸುಧಾಕರ. ನಾನು ಬಿಚ್ಚಿದರೆ ಕಳ್ಳತನ ಮಾಡಿದ ಹಾಗೆ. ಅವನಲ್ಲಿಗೆ ಒಯ್ದರೆ ಕಿವಿಯೂ ಅವನದ್ದೇ ಎಂದು ಒಪ್ಪಿದ ಹಾಗೆ. ಮತ್ತೆ ನನ್ನ ಹತ್ತಿರ ಏನು ಉಳಿಯಿತು, ಕ್ಯಾಲೆಂಡರ್?

ಹೆಂಡತಿಯ ಕಿವಿಗೂ ಬಿದ್ದ ಮೇಲೆ ಟಯರಿನ ನೆಪ ನಡೆಯದೆ, ಒಂದು ದಿನ ಆ ಬೇರಿಂಗನ್ನು ಸೀಟಿನ ಮೇಲಿಟ್ಟುಕೊಂಡು ಮೂಡುಬಿದಿರೆಗೆ ಹೋದೆ. ಸುಧಾಕರ ಕೆಲಸದವರನ್ನು ಆಚೆ ಕಳಿಸಿ, ಅಂಗಿಯ ಕೈ ಮಡಚಿ ತಾನೇ ಬಿಚ್ಚಿದ. ಕೈ ಒರೆಸಿಕೊಳ್ಳುತ್ತಾ, "ಅಣ್ಣ, ನಿಮಗೆ ಪುರುಸೊತ್ತು ಉಂಟಾ?" ಎಂದ.

ಮೂಲೆಯಲ್ಲಿ ಕೆಂಪು ಕಾರೊಂದಿತ್ತು. ಎಂಜಿನನ್ನು ಪೂರ್ತಿ ಅವನೇ ಕಟ್ಟಿದ್ದನಂತೆ. "ಸ್ಕ್ರೀನಿನಲ್ಲಿ ಎಲ್ಲ ಸರಿ ತೋರಿಸ್ತದೆ. ಆದ್ರೆ ನಾನು ಕಟ್ಟಿದ್ದು ನನಗೆ ಕೇಳುವುದಿಲ್ಲ ಅಲ್ವಾ? ಇವರಿಗೆಲ್ಲ ಸ್ಕ್ರೀನ್ ನೋಡ್ಲಿಕ್ಕೆ ಮಾತ್ರ ಗೊತ್ತು. ನೀವು ಬರ್ತೀರಿ ಅಂತ ಡೆಲಿವರಿ ಕೊಡದೆ ಇಟ್ಟಿದ್ದೇನೆ." ಉದ್ದದ ಸ್ಕ್ರೂಡ್ರೈವರು ನನ್ನ ಕೈಗೆ ಕೊಟ್ಟ.

ನನ್ನಲ್ಲಿದ್ದ ಅಷ್ಟೂ ಹೊಟ್ಟೆಕಿಚ್ಚನ್ನು ಕಿವಿಗೆ ತಂದು ಕೇಳಿದೆ. ಒಂದು ಟಕ್, ಒಂದು ಕಿರ್ ಸಿಕ್ಕಿದರೆ ಸಾಕಿತ್ತು. ಮೇಲೆ ಕೇಳಿದೆ, ಬದಿಯಲ್ಲಿ ಕೇಳಿದೆ, ರೇಸ್ ಕೊಡಿಸಿ ಕೇಳಿದೆ. ಏನೂ ಇಲ್ಲ. ಒಳ್ಳೆಯ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು, ಹಾಳಾದ್ದು! ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಾನೇ ಬಿಚ್ಚಬೇಕಿತ್ತು. ಅಷ್ಟು ಒಳ್ಳೆಯ ಕೆಲಸವನ್ನು ಬಿಚ್ಚಲು ನನ್ನ ಕೈ ಒಪ್ಪುತ್ತಿರಲಿಲ್ಲ.

"ಏನೂ ಇಲ್ಲ. ಕೊಟ್ಟುಬಿಡು" ಎಂದೆ.

"ಅಬ್ಬ!" ಎಂದು ಅವನು ಅಲ್ಲೇ ಟಯರಿನ ಮೇಲೆ ಕುಳಿತ. ಅಷ್ಟು ದೊಡ್ಡ ಅಂಗಡಿಯ ಧಣಿಗೆ ನನ್ನ ಒಂದು ಮಾತಿನಿಂದ ನಿದ್ದೆ ಬರುವುದಾದರೆ ಬರಲಿ ಎಂದುಕೊಂಡೆ. ಹೊರಡುವಾಗ ನನಗೂ ಒಂದು ಪಿಸ್ಟನ್ ಕೀಚೈನು ಕೊಟ್ಟ. ಬೇಡ ಎಂದೆ. ಅವನು ಮತ್ತೆ ಚಾಚಿದಾಗ ಎರಡನೆಯ ಸಲ ಬೇಡ ಎನ್ನಲಿಲ್ಲ.

ಈಗ ಅದು ನನ್ನ ಕಾರಿನ ಕೀಯ ಜೊತೆ ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಇವತ್ತು ಬೆಳಿಗ್ಗೆ ಬಂದ ಆ ಗಿರಾಕಿ ಅದನ್ನು ನೋಡಿ, "ಓ, ನಿಮ್ಮಲ್ಲೂ ಉಂಟಾ? ನನ್ನನ್ನು ಸುಧಾಕರರೇ ಕಳಿಸಿದ್ದು. ಎಂಜಿನ್ ಅವರೇ ಮಾಡಿದ್ದು, ಒಂದು ಸಲ ಪುಂಜಾಲಕಟ್ಟೆಯ ಅಣ್ಣ ಕೇಳಲಿ ಅಂದ್ರು" ಎಂದರು. ನಾನು ಫ್ಯಾನು ನಿಲ್ಲಿಸಿ, ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿದೆ. ಈ ಸಲವಾದರೂ ಏನಾದರೂ ಕೇಳಲಿ ದೇವರೇ ಎಂದು ಕಣ್ಣು ಮುಚ್ಚಿ, "ಸ್ಟಾರ್ಟ್ ಮಾಡಿ" ಎಂದೆ.