ಅತ್ತೆಯವರ ಮೂಗು, ಒಸ್ಮಾನನ ವೈನು

ಕಳೆದ ಶನಿವಾರ ನಮ್ಮ ಅತ್ತೆಯವರು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಟರ್ಕಿ ರೆಸ್ಟೋರೆಂಟಿನಲ್ಲಿ ಹತ್ತಾರು ವೈನ್ ಬಾಟಲಿ ತೆಗೆಸಿದರು!

ಗಾಬರಿಯಾಗಬೇಡಿ. ಮೈಸೂರಿನ ನೆಂಟರು ಯಾರಾದರೂ ಓದುತ್ತಿದ್ದರೆ, ನಮ್ಮವರಿಗೆ ಕಾಗದ ಬರೆಯುವ ಮುಂಚೆ ದಯವಿಟ್ಟು ಪೂರ್ತಿ ಓದಿ. ಅತ್ತೆ ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸಿಲ್ಲ. (ಅವರು ಕಾಫಿಯನ್ನೇ ಲೋಟ ಎತ್ತಿ ಕುಡಿಯುವವರು, ತುಟಿಗೆ ತಾಗಿಸುವವರಲ್ಲ.)

ಶನಿವಾರವಾದರೂ ನಮ್ಮವರಿಗೆ ಅಂದು ಆಫೀಸು. ಅತ್ತೆಗೆ ಊರು ತೋರಿಸಲು ನಾನೇ ನಮ್ಮ ಮನೆಯಿರುವ ಸ್ಯಾನ್ ರಮೋನಿನಿಂದ ಕಾರು ಓಡಿಸಿಕೊಂಡು ಹೋದೆ. ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿತು. ಸಸ್ಯಾಹಾರಿಗಳಿಗೆ ಆ ಊರಲ್ಲಿ ಗತಿ ಏನು? ಪಿಜ್ಜಾ. ಇಲ್ಲವೇ ಒಸ್ಮಾನ್.

ಒಸ್ಮಾನನದು ಎಂಟು ಮೇಜಿನ ಪುಟ್ಟ ರೆಸ್ಟೋರೆಂಟು. ಕ್ಯಾಸೆಟ್ ಪ್ಲೇಯರಿನಲ್ಲಿ ಸದಾ ಅವನ ಊರಿನ ಹಾಡು. ರೊಟ್ಟಿ ಸುಡುವ ಒಲೆಯ ಮೇಲ್ಗಡೆ ಚೆಂದದ ಮರದ ಶೆಲ್ಫು, ಅದರ ತುಂಬ ವೈನ್ ಬಾಟಲಿಗಳು. ಗಿರಾಕಿಗಳ ಕಣ್ಣಿಗೆ ಬೀಳಲಿ ಎಂದು ಅವನೇ ಮಾಡಿಸಿದ್ದು. ಅವನು ಮಾತ್ರ ಕುಡಿಯುವುದಿಲ್ಲ. ಐದು ಹೊತ್ತು ನಮಾಜು ಮಾಡುವ ಮನುಷ್ಯ.

ನಾನು ಬದನೆಕಾಯಿ ತರಿಸಿಕೊಂಡೆ. ಅತ್ತೆ ಚೀಲದಿಂದ ಮನೆಯ ಚಪಾತಿ ಬಿಚ್ಚಿದರು. ಬೇರೆಯವನಾಗಿದ್ದರೆ ಮುಖ ಸಿಂಡರಿಸುತ್ತಿದ್ದ. ಒಸ್ಮಾನ್ ಒಂದು ಬಟ್ಟಲು ಗಟ್ಟಿ ಮೊಸರು ತಂದಿಟ್ಟು, ಪಕ್ಕದಲ್ಲೇ ನಿಂತು ಕಷ್ಟ ಹೇಳಿಕೊಂಡ.

"ವೈನ್ ಕುಡಿದವರೆಲ್ಲ ಗ್ರೇಟ್ ಅಂತಾರೆ. ಆಮೇಲೆ ಈ ಕಡೆ ತಲೆನೇ ಹಾಕಲ್ಲ. ಹೀಗೇ ಆದ್ರೆ ಇನ್ನೆರಡು ತಿಂಗಳಲ್ಲಿ ಬಾಗಿಲು ಹಾಕಬೇಕು."

ಪಕ್ಕದ ಮೇಜಿನಲ್ಲಿ ಟೈ ಕಟ್ಟಿದ ಒಬ್ಬ ಅಮೆರಿಕನ್ ಊಟ ಮುಗಿಸಿದ್ದ. ವೈನು ಅರ್ಧ ಗ್ಲಾಸು ಹಾಗೇ ಇತ್ತು. ಹೇಗಿತ್ತು ಸರ್ ಎಂದು ಒಸ್ಮಾನ್ ಕೇಳಿದ. "ಎವೆರಿಥಿಂಗ್ ವಾಸ್ ಗ್ರೇಟ್!"

ಒಸ್ಮಾನ್ ಆ ಗ್ಲಾಸು ಎತ್ತಿಕೊಂಡು ನಮ್ಮ ಮೇಜು ದಾಟಿದ್ದೇ ತಡ, ಅತ್ತೆ ಚಪಾತಿ ಕೆಳಗಿಟ್ಟರು.

"ವಸುಧಾ, ಅದು ಕೆಟ್ಟಿದೆ ಕಣೇ."

"ಅತ್ತೆ, ಅದರ ವಾಸನೇನೇ ಹಾಗೆ. ನೀವು ಸುಮ್ನೆ ಊಟ ಮಾಡಿ."

"ಹುಳಿ ಬರೋದು ಬೇರೆ, ಹಳಸೋದು ಬೇರೆ. ನಂಗೆ ಅಷ್ಟೂ ಗೊತ್ತಾಗಲ್ವೇನೇ? ಪಾಪ, ಅವನಿಗೆ ಹೇಳು."

ಇಲ್ಲಿ ಒಂದು ಮಾತು. ನಮ್ಮ ಅತ್ತೆಯ ಮನೆಯಲ್ಲಿ ದೇವರ ನೈವೇದ್ಯಕ್ಕೆ ಮುಂಚೆ ಅಡಿಗೆಯ ರುಚಿ ನೋಡುವಂತಿಲ್ಲ. ಹಾಗಿದ್ದರೆ ಸಾರಿಗೆ ಉಪ್ಪು ಸಾಕೋ ಬೇಕೋ ತಿಳಿಯುವುದು ಹೇಗೆ? ಮೂಗಿನಿಂದ! ನಲವತ್ತು ವರ್ಷ ಅತ್ತೆ ಮೂಗಿನಿಂದಲೇ ಅಡಿಗೆ ಮಾಡಿದ್ದಾರೆ. ನಡುಮನೆಯಲ್ಲಿ ಕೂತುಕೊಂಡೇ ನನ್ನ ಹುಳಿಗೆ ಇಂಗು ಸಾಲದು ಅನ್ನುತ್ತಾರೆ. ಬಂದ ಮೂರು ತಿಂಗಳಿಂದ ಅದು ನನಗೆ ಕಿರಿಕಿರಿಯಾಗಿತ್ತು ಎಂಬುದನ್ನು ಇಂದು ಒಪ್ಪಿಕೊಂಡುಬಿಡುತ್ತೇನೆ.

ಸಂಕೋಚದಿಂದಲೇ ಒಸ್ಮಾನನಿಗೆ ಎಲ್ಲ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಶೆಲ್ಫಿನಿಂದ ಆರು ಬಾಟಲಿ ಇಳಿಸಿ, ಆರು ಗ್ಲಾಸಿಗೆ ಒಂದೊಂದು ಗುಟುಕು ಬಗ್ಗಿಸಿ, "ಪ್ಲೀಸ್, ಮದರ್" ಎಂದ.

ಅತ್ತೆ ಸೆರಗು ಬಿಗಿದುಕೊಂಡು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಗ್ಲಾಸು ಮುಟ್ಟಲಿಲ್ಲ.

"ಇದು ಬೆಂದ ಹಣ್ಣಿನ ವಾಸನೆ. ಇದೂ ಅಷ್ಟೆ. ಇದಕ್ಕೆ ಹುಳಿ ಏರಿದೆ. ಇದನ್ನ ಚೆಲ್ಲಿಬಿಡು ಅನ್ನು. ಇದೂ ಹೋಯ್ತು." ಆರನೆಯದರ ಮುಂದೆ ನಿಂತರು. "ಹ್ಞಾ, ಇದು ಸರಿಯಾಗಿದೆ."

ಒಸ್ಮಾನ್ ಆ ಬಾಟಲಿ ಕೈಗೆತ್ತಿಕೊಂಡ. ಆರನೆಯದನ್ನು ಅವನು ಅವತ್ತು ಬೆಳಿಗ್ಗೆ ತಾನೇ ನೆಲಮಾಳಿಗೆಯಿಂದ ತಂದಿಟ್ಟಿದ್ದನಂತೆ!

ಅತ್ತೆ ಶೆಲ್ಫು ನೋಡಿದರು. ಅದರ ಕೆಳಗಿನ ಒಲೆ ನೋಡಿದರು. "ಅಲ್ಲ ಕಣೇ, ಉಪ್ಪಿನಕಾಯಿ ಜಾಡೀನ ಯಾರಾದ್ರೂ ಒಲೆ ಮೇಲ್ಗಡೆ ಇಡ್ತಾರೇನೇ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಒಸ್ಮಾನ್ ಶೆಲ್ಫಿನ ಹಲಗೆಗೆ ಅಂಗೈ ಒತ್ತಿದ. ಬಿಸಿಯಾಗಿತ್ತು. ಪಾಪ, ಅವನ ಮುಖ ನೋಡಲಾಗಲಿಲ್ಲ. ಆಗ ಟೈ ಕಟ್ಟಿದವನು ಮೆಲ್ಲಗೆ ಬಾಯಿ ಬಿಟ್ಟ: "ನಿಜ ಹೇಳಬೇಕು ಅಂದ್ರೆ ಸ್ವಲ್ಪ ವಿನಿಗರ್ ಥರಾನೇ ಇತ್ತು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ನೋಡಿದಿರಾ? ಬೇಜಾರಾಗಬಾರದಂತೆ, ಅಂಗಡಿ ಮುಚ್ಚಿಹೋದರೆ ಪರವಾಗಿಲ್ಲವಂತೆ! ಈ ದೇಶದಲ್ಲಿ ಜನ ವೈನ್ ಮೂಸಿ ನೋಡುವುದನ್ನು ಕ್ಲಾಸಿಗೆ ಸೇರಿ ಕಲಿಯುತ್ತಾರೆ. ಮೂಸಿದ್ದನ್ನು ಬಾಯಿಬಿಟ್ಟು ಹೇಳುವುದಕ್ಕೆ ಎಲ್ಲಿ ಕ್ಲಾಸು?

ಮುಂದಿನ ಅರ್ಧ ಗಂಟೆಯಲ್ಲಿ ಶೆಲ್ಫು ಖಾಲಿಯಾಯಿತು. ನೆಲಮಾಳಿಗೆಯಿಂದ ಹೊಸ ಬಾಟಲಿಗಳು ಒಂದೊಂದಾಗಿ ಅತ್ತೆಯ ಮೂಗಿನ ಮುಂದೆ ಬಂದವು. ಪಾಸಾದದ್ದು ನಾಲ್ಕು. ಒಸ್ಮಾನ್ ಹಳೆಯ ವೈನ್ ಲಿಸ್ಟು ಹರಿದು, ಆ ನಾಲ್ಕರ ಹೆಸರು ಕೈಯಲ್ಲೇ ಬರೆದು ಗೋಡೆಗೆ ಅಂಟಿಸಿದ. ವೈನೇ ಕುಡಿಯದ ಇಬ್ಬರು ಸೇರಿ ಮಾಡಿದ ಲಿಸ್ಟು! ಪಕ್ಕದಲ್ಲಿ ನಿಂತಿದ್ದ ನನಗೆ ಎಷ್ಟು ಹೆಮ್ಮೆ ಅಂದರೆ, ಬಾಗಿಲು ತೆರೆದು ಒಳಬಂದ ಅಪರಿಚಿತರಿಗೆಲ್ಲ "ಶಿ ಈಸ್ ಮೈ ಮದರ್ ಇನ್ ಲಾ" ಎಂದು ನಾನೇ ಮೇಲೆ ಬಿದ್ದು ಹೇಳಿದೆ.

ಹೊರಡುವಾಗ ಒಸ್ಮಾನ್ ಬಾಗಿಲವರೆಗೆ ಬಂದ. ಗಲಾಟೆಯಲ್ಲಿ ನಿಮ್ಮ ಊಟ ವಿಚಾರಿಸಲೇ ಇಲ್ಲ, ಹೇಗಿತ್ತು ಎಂದು ನನ್ನನ್ನು ಕೇಳಿದ.

"ಎವೆರಿಥಿಂಗ್ ವಾಸ್ ಗ್ರೇಟ್!" ಎಂದೆ.

ಅತ್ತೆ ಹಿಂತಿರುಗಿ ನಮ್ಮ ಮೇಜಿನ ಕಡೆ ನೋಡಿದರು.

"ಹಾಗಾದ್ರೆ ತಟ್ಟೇಲಿ ಅರ್ಧ ಬದನೆಕಾಯಿ ಯಾಕೇ ಬಿಟ್ಟಿದೀಯ?"