ಯಾರ ಮನೆಯಲ್ಲೂ ಅಲ್ಲದ ಫೈನಲ್

ಅಪ್ಪರ್ ಹಟ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದವರಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಫೈನಲ್ ನಡೆಯುವ ಸ್ಟೇಡಿಯಂ ಅನ್ನು ಆ ಆಟದಲ್ಲಿ ವರ್ಷಗಳ ಮೊದಲೇ ಗೊತ್ತುಮಾಡುತ್ತಾರೆ. ಅಪ್ಪಿತಪ್ಪಿ ಆ ಊರಿನ ತಂಡವೇ ಫೈನಲ್‌ಗೆ ಬಂದರೆ ಅದಕ್ಕೆ ತವರು ಅಂಗಳದ ಲಾಭ. ಅದನ್ನು ನೆನೆದರೇ ಇವರಿಗೆ ಉರಿ. "ಫೈನಲ್ ಯಾರ ಮನ್ಯಾಗೂ ಆಗಬಾರದ್ರಿ!"

ನಾವಿಬ್ಬರೂ ಎದುರಾಳಿ ತಂಡಗಳ ಕಡೆಯಾದ ವರ್ಷ ಈ ನಿಯಮ ನನ್ನ ಟೀವಿಗೂ ಬಂತು. "ನಿಮ್ಮ ಮನ್ಯಾಗ ನೋಡಿದ್ರ ನಿಮ್ಮ ತಂಡಕ್ಕ ಲಾಭ ಆಕ್ಕೈತ್ರಿ." ಫೆಬ್ರವರಿಯ ಸುಡು ಮಧ್ಯಾಹ್ನ, ಎರಡು ಮನೆಗಳ ನಡುವೆ ನಿಲ್ಲಿಸಿದ ಅವರ ಯೂಟ್‌ ಪಿಕಪ್ ಗಾಡಿಯಲ್ಲಿ ಕೂತು, ಅಂಗೈಯಗಲದ ಫೋನಿನಲ್ಲಿ ಪಂದ್ಯ ನೋಡಿದೆವು. ಬೆವರು ಕಣ್ಣಿಗಿಳಿಯಿತು. ನನ್ನ ತಂಡ ಸೋಲತೊಡಗಿದಾಗ ತಡೆಯಲಾರದೆ ಕೇಳಿದೆ: "ರೀ, ಈ ಯೂಟ್ ಯಾರದ್ದು?"

ಅವರ ಮುಖ ಇಳಿಯಿತು. ಫೋನ್ ಹಿಡಿದು ಗಾಡಿಯಿಂದ ಇಳಿದೇಬಿಟ್ಟರು. ವಿಧಿಯಿಲ್ಲದೆ ನಾನೂ ಇಳಿದೆ. ಉಳಿದದ್ದನ್ನು ಬಿಸಿಲಲ್ಲಿ, ರಸ್ತೆಯಲ್ಲೇ ನಿಂತು ನೋಡಿದೆವು.

ಆಮೇಲೆ ಅವರು ಮನೆ ಖಾಲಿಮಾಡಿ ದೂರದ ನೆಲ್ಸನ್‌ಗೆ ಹೋದರು. ಈ ವರ್ಷ ನನ್ನ ಸೋಫಾದಲ್ಲಿ ಕೂತು, ನನ್ನ ಟೀವಿಯಲ್ಲಿ ನೋಡಿದೆ. ನನ್ನ ತಂಡವೇ ಗೆದ್ದಿತು. ಹಾಳಾದ್ದು, ಗೆದ್ದ ಹಾಗೇ ಅನಿಸಲಿಲ್ಲ.